ಶಕ್ತಿಯಿಲ್ಲದ್ದು ಭಾಷೆಗೋ, ಮನಸ್ಸಿಲ್ಲದ್ದು ನಮಗೋ?

ಗಣಿತ, ವಿಜ್ಞಾನಗಳನ್ನು ಕನ್ನಡದಲ್ಲಿ ಕಲಿಸಲಾಗದೆಂಬ ಮಾತು ನಮ್ಮ ಸಂಘದ ಸಭೆಗಳಲ್ಲೂ ಕೇಳಿಬರುತ್ತದೆ. ನಾವು ತಲೆದೂಗಿ ಸುಮ್ಮನಾಗುತ್ತೇವೆ. ರುಮೇನಿಯದಲ್ಲೂ ಒಂದು ಕಾಲಕ್ಕೆ ಇದೇ ಮಾತಿತ್ತು. ಬುಖಾರೆಸ್ಟಿನ ಉಚ್ಚ ಶಿಕ್ಷಣವೆಲ್ಲ ಗ್ರೀಕ್ ಭಾಷೆಯಲ್ಲಿ. ರುಮೇನಿಯನ್ ಶಾಸ್ತ್ರಕ್ಕೆ ಒದಗದ ಬರಿಯ ಆಡುಮಾತು! 1818ರಲ್ಲಿ ಗ್ಯೊರ್ಗೆ ಲಜಾರ್ ಎಂಬ ಉಪಾಧ್ಯಾಯರು ಸಂತ ಸಾವಾ ಮಠದಲ್ಲಿ ಶಾಲೆ ತೆರೆದು ಗಣಿತವನ್ನೂ ಭೂಮಾಪನವನ್ನೂ ರುಮೇನಿಯನ್ನಿನಲ್ಲೇ ಕಲಿಸಿದರು. ಇಂದು ಅಲ್ಲಿ ವೈದ್ಯಕೀಯ, ಇಂಜಿನಿಯರಿಂಗ್ ಪಾಠಗಳೂ ಅದೇ ಭಾಷೆಯಲ್ಲಿ ನಡೆಯುತ್ತಿವೆ. ಮಾತು ಬೆಳೆದದ್ದು ಬಳಸಿದ್ದರಿಂದ.

ಅದು ರಾಜ್ಯಭಾಷೆಯಾಯಿತು, ನಾವು ಅನ್ಯ ರಾಜ್ಯದಲ್ಲಿರುವವರು ಎನ್ನುವಿರಾ? ಅದೇ ರುಮೇನಿಯದಲ್ಲಿ ಸುಮಾರು 10 ಲಕ್ಷ ಹಂಗೇರಿಯನ್ನರು ಅಲ್ಪಸಂಖ್ಯಾತರಾಗಿದ್ದಾರೆ. ಅವರ ಮಕ್ಕಳು ರುಮೇನಿಯನ್ನನ್ನೂ ಒಂದು ವಿಷಯವಾಗಿ ಕಲಿಯುತ್ತ, ಶಿಶುವಿಹಾರದಿಂದ ಹನ್ನೆರಡನೆಯ ತರಗತಿಯವರೆಗೆ ಹಂಗೇರಿಯನ್ನಿನಲ್ಲೇ ಓದಬಹುದು. ಕ್ಲೂಜ್ ನಗರದ ಬಾಬೆಷ್-ಬೊಯಾಯ್ ವಿಶ್ವವಿದ್ಯಾಲಯದಲ್ಲಿ ರುಮೇನಿಯನ್, ಹಂಗೇರಿಯನ್, ಜರ್ಮನ್ ಮೂರರಲ್ಲೂ ಪಾಠವುಂಟು.

ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಕರ್ಯ ಒದಗಿಸಬೇಕೆಂದು ನಮ್ಮ ಸಂವಿಧಾನದ 350ಎ ವಿಧಿಯೂ ಹೇಳುತ್ತದೆ. ಆದರೆ ವಿಧಿ ತಾನೇ ಬಂದು ಬೆಂಚಿನ ಮೇಲೆ ಕೂರುವುದಿಲ್ಲ, ಮಕ್ಕಳು ಕೂರಬೇಕು. ನವೆಂಬರಿನಲ್ಲಿ ಕನ್ನಡದ ಜಯಘೋಷ ಮಾಡಿ, ಜೂನಿನಲ್ಲಿ ಮಕ್ಕಳನ್ನು ಬೇರೆ ಶಾಲೆಗೆ ಸೇರಿಸುವ ನಾವು, ಕನ್ನಡ ಶಾಲೆಗಳು ಮುಚ್ಚಿದಾಗ ಯಾರನ್ನು ದೂರೋಣ?