ಬಯಲು ನೀಡಿದ ಆಸರೆ

ಯುದ್ಧದಿಂದಲೋ ಜನಾಂಗದ್ವೇಷದಿಂದಲೋ ತಾಯ್ನಾಡನ್ನು ತೊರೆದು ಬಂದವರನ್ನು ನಾವು ನಿರಾಶ್ರಿತರೆನ್ನುತ್ತೇವೆ. ಅವರಿಗೆ ಅನ್ನ, ಬಟ್ಟೆ, ಸೂರು ಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಇವಿಷ್ಟು ದೊರೆತ ಮಾತ್ರಕ್ಕೆ ಅವರು ಹೊಸ ನಗರದವರಾಗುವರೇ? ನೆರೆಯವರು ಹೆಸರು ಹಿಡಿದು ಕರೆದ ದಿನವೇ ಅವರಿಗೆ ಊರು ದೊರೆತಂತೆ. ಆ ದಿನವನ್ನು ಹತ್ತಿರ ತರಬಲ್ಲ ಸಾಧನಗಳಲ್ಲಿ ಕಾಲ್ಚೆಂಡಾಟವೂ ಒಂದೆಂದು ನಾನು ನಂಬುತ್ತೇನೆ. ಅದಕ್ಕೆ ಹೆಚ್ಚಿನ ಬಂಡವಾಳ ಬೇಡ. ಒಂದು ಚೆಂಡು, ಒಂದು ಬಯಲು ಸಾಕು. ಅದರ ನಿಯಮಗಳನ್ನು ಯಾವ ದೇಶದ ಮಕ್ಕಳೂ ಬಲ್ಲರು.

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾ ನಗರದ ಮಗ್ಗುಲಿಗೆ, ಕ್ಲಾರ್ಕ್‌ಸ್ಟನ್ ಎಂಬ ಚಿಕ್ಕ ಪಟ್ಟಣವಿದೆ. 1990ರ ದಶಕದಿಂದೀಚೆಗೆ ಬೋಸ್ನಿಯಾ, ಸೊಮಾಲಿಯಾ, ಸುಡಾನ್, ಲೈಬೀರಿಯಾ ಮೊದಲಾದ ದೇಶಗಳ ನಿರಾಶ್ರಿತರು ಅಲ್ಲಿ ನೆಲೆಸಿದರು. 2004ರಲ್ಲಿ ಜೋರ್ಡಾನ್ ಮೂಲದ ಲೂಮಾ ಮುಫ್ಲೇ ಎಂಬ ಮಹಿಳೆ, ವಾಹನಗಳನ್ನು ನಿಲ್ಲಿಸುವ ಜಾಗದಲ್ಲಿ ಸವೆದ ಚೆಂಡನ್ನು ಒದೆಯುತ್ತಿದ್ದ ಹುಡುಗರನ್ನು ಕಂಡರು. ಅವರನ್ನು ಕೂಡಿಸಿ ‘ಫ್ಯೂಜೀಸ್’ ಎಂಬ ತಂಡವನ್ನು ಕಟ್ಟಿದರು. ಆಟಕ್ಕೆ ಬರುವವರು ಪಾಠಕ್ಕೂ ಬರಬೇಕೆಂಬುದು ಅವರ ಕಟ್ಟುನಿಟ್ಟು. ಮತ, ಭಾಷೆ, ಬಣ್ಣ ಬೇರೆಯಾದರೂ ಒಬ್ಬರಿಗೊಬ್ಬರು ಚೆಂಡನ್ನು ದಾಟಿಸದೆ ಗೆಲುವಿಲ್ಲವೆಂಬುದನ್ನು ಹುಡುಗರು ಕಲಿತರು. ಮುಂದೆ ಆ ತಂಡದಿಂದಲೇ ನಿರಾಶ್ರಿತ ಮಕ್ಕಳ ಶಾಲೆಯೊಂದು ಬೆಳೆಯಿತು.

ಆದರೆ ಚೆಂಡು ಮಂತ್ರದಂಡವಲ್ಲ. 2006ರಲ್ಲಿ ಆ ಪಟ್ಟಣದ ಮೇಯರ್, ಊರಿನ ಉದ್ಯಾನದಲ್ಲಿ ಈ ಆಟಕ್ಕೆ ಎಡೆಯಿಲ್ಲವೆಂದು ಸಾರಿದರು. ಬೇಸ್‌ಬಾಲ್‌ನಂತಹ ಅಮೆರಿಕದ ಆಟಗಳಿಗಷ್ಟೇ ಅದು ಮೀಸಲೆಂದರು. ತಾವು ಬೆಳೆದ ಊರು ಕಣ್ಣೆದುರಿಗೇ ಬದಲಾದಾಗ ಹಳೆಯ ನಿವಾಸಿಗಳಿಗೆ ಕಳವಳವಾಗುವುದು ಸಹಜ. ಆ ಕಳವಳವನ್ನು ಹೀಗಳೆಯಬಾರದು. ಆದರೆ ಮಕ್ಕಳಿಗೆ ಬಯಲನ್ನು ಮುಚ್ಚಿದರೆ ಅದು ಶಮನವಾಗದು. ಅಪರಿಚಿತರು ಅಪರಿಚಿತರಾಗಿಯೇ ಉಳಿಯುವರು, ಭಯವೂ ಉಳಿಯುವುದು.

ಆಟದಿಂದ ಹೊಟ್ಟೆ ತುಂಬುವುದೇ ಎಂದು ಕೇಳುವವರುಂಟು. ತುಂಬದು, ನಿಜ. ಉದ್ಯೋಗ, ಶಿಕ್ಷಣಗಳ ಸ್ಥಾನವನ್ನು ಆಟ ತುಂಬಲಾರದು. ಆದರೆ ಕೈಯೊಡ್ಡಿ ಪಡೆದವನ ತಲೆ ತಗ್ಗುತ್ತದೆ. ತಂಡಕ್ಕೆ ಬೇಕಾದವನ ತಲೆ ಎತ್ತುತ್ತದೆ. ಕನಿಕರವು ಕೊಡಲಾರದ ಈ ಗೌರವವನ್ನು ಆಟ ಕೊಡುತ್ತದೆ.

ವಿದ್ಯಾರ್ಥಿಗಳೇ, ನೆಲೆ ತಪ್ಪಿದವರು ದೂರದೇಶದಲ್ಲಿ ಮಾತ್ರ ಇರುವರೆಂದು ತಿಳಿಯಬೇಡಿ. ನಿಮ್ಮ ಮೈದಾನದ ಅಂಚಿನಲ್ಲಿ ಹೊಸ ಹುಡುಗನೋ ಹುಡುಗಿಯೋ ಸುಮ್ಮನೆ ನಿಂತಿರಬಹುದು. ಚೆಂಡನ್ನು ಅತ್ತ ಕಡೆಗೂ ಒಮ್ಮೆ ಒದೆಯಿರಿ.