ಫೆರಾರಿಯನ್ನು ಹಿಂದಿಕ್ಕಿದ ಸಂಸಾರಿ ಕಾರು

‘ನಮ್ಮಪ್ಪನ ಪ್ರಕಾರ ಕಾರು ಅಂದರೆ ಹಳೆಯ ಕೆಂಪು ಫೆರಾರಿ. ನನ್ನ ಪ್ರಕಾರ ಲ್ಯಾನ್ಸರ್ ಎವೊ. ನಾಲ್ಕು ಬಾಗಿಲಿನ ಡಬ್ಬಿ ಕಾರು ಫೆರಾರಿಯ ಮುಂದೆ ನಿಲ್ಲುತ್ತದೇನೋ ಎಂದು ಅಪ್ಪ ನಗುತ್ತಾರೆ. ಯಾರು ಸರಿ, ನೀವೇ ಹೇಳಿ ಸಾರ್.’

ಹಾಸನದ ಕಡೆಯಿಂದ ಒಂಬತ್ತನೇ ತರಗತಿಯ ಹುಡುಗನೊಬ್ಬ ಬರೆದ ಪತ್ರ ಇದು. ಅಪ್ಪ-ಮಗನ ಜಗಳದಲ್ಲಿ ಮೂರನೆಯವರು ಬಾಯಿ ಹಾಕಬಾರದು ಅನ್ನುತ್ತಾರೆ. ಆದರೆ ಇದು ಕಾರಿನ ಜಗಳ. ಬಾಯಿ ಹಾಕದೆ ಸುಮ್ಮನಿರುವುದು ನನ್ನಿಂದಾಗದು.

ಅಪ್ಪನ ಮನಸ್ಸಿನಲ್ಲಿ ಯಾವ ಫೆರಾರಿ ಇದೆಯೋ ಪತ್ರದಲ್ಲಿಲ್ಲ. ಹಳೆಯ ಪೋಸ್ಟರುಗಳಲ್ಲಿ ಮೆರೆದ 308 ಎಂಬ ಮಾದರಿಯನ್ನೇ ತೆಗೆದುಕೊಳ್ಳೋಣ. 1975ರಲ್ಲಿ ಇಟಲಿಯಿಂದ ಬಂದ ಕಾರು. ಎರಡೇ ಸೀಟು. ನೆಲಕ್ಕೆ ಅಂಟಿಕೊಂಡಂಥ ಮೈ. ಎಂಜಿನ್ ಇರುವುದು ಸೀಟಿನ ಬೆನ್ನ ಹಿಂದೆ: ಎಂಟು ಸಿಲಿಂಡರ್, ಸುಮಾರು 2.9 ಲೀಟರ್, 255 ಅಶ್ವಶಕ್ತಿ. ಆ ಶಕ್ತಿಯೆಲ್ಲ ಹಿಂದಿನ ಎರಡು ಚಕ್ರಗಳಿಗೆ ಹೋಗುತ್ತದೆ.

ಮಗನ ಪಕ್ಷದಿಂದ ಜಪಾನಿನ ಮಿತ್ಸುಬಿಷಿ ಕಂಪನಿಯ ಲ್ಯಾನ್ಸರ್ ಎವಲ್ಯೂಷನ್, 1999ರ ಆರನೆಯ ಆವೃತ್ತಿ. ನಾಲ್ಕು ಬಾಗಿಲು, ಐದು ಜನ ಕೂರಬಹುದು, ಹಿಂದೆ ಡಿಕ್ಕಿ. ಎಂಜಿನ್ ನಾಲ್ಕೇ ಸಿಲಿಂಡರಿನದು, ಎರಡೇ ಲೀಟರ್. ಆದರೂ ಅದು ಕೊಡುವುದು 280 ಅಶ್ವಶಕ್ತಿ. ಇದಕ್ಕೆ ಜಪಾನಿನಲ್ಲೇ ಒಬ್ಬ ಸಮಬಲದ ಎದುರಾಳಿಯೂ ಇದ್ದ: ಸುಬಾರು ಇಂಪ್ರೆಜಾ. ಅದೂ ಎರಡು ಲೀಟರ್, ಅದೂ ನಾಲ್ಕು ಸಿಲಿಂಡರ್, ಅದಕ್ಕೂ 280 ಅಶ್ವಶಕ್ತಿ. 1997ರಲ್ಲಿ ಬಂದ ಗ್ರ್ಯಾನ್ ಟುರಿಸ್ಮೊ ಎಂಬ ವಿಡಿಯೊ ಆಟದಿಂದ ಈ ಎರಡೂ ಕಾರುಗಳ ಹೆಸರು ಲೋಕದ ಮಕ್ಕಳ ಬಾಯಿಗೆ ಬಂತು.

ನಿಂತಲ್ಲಿಂದ ಹೊರಟು ಗಂಟೆಗೆ ನೂರು ಕಿಲೊಮೀಟರ್ ವೇಗ ಮುಟ್ಟಲು ಫೆರಾರಿಗೆ ಆರೂವರೆಯಿಂದ ಏಳು ಸೆಕೆಂಡ್ ಬೇಕು. ಎವೊಗೆ ಐದು ಸೆಕೆಂಡಿನ ಆಸುಪಾಸು ಸಾಕು. ಲೆಕ್ಕದಲ್ಲಿ ಮಗ ಗೆದ್ದ!

ತಡೆಯಿರಿ, ಇಲ್ಲೊಂದು ಒಗಟಿದೆ. ಎರಡರಲ್ಲಿ ಫೆರಾರಿಯೇ ಸ್ವಲ್ಪ ಹಗುರ. ಅಶ್ವಶಕ್ತಿಯಲ್ಲಿರುವ ವ್ಯತ್ಯಾಸವೂ ಅಷ್ಟು ದೊಡ್ಡದಲ್ಲ. ಅಂದಮೇಲೆ ಐದು ಜನರ ಕಾರು ಇಬ್ಬರ ಕಾರನ್ನು ಹೀಗೆ ಹಿಂದಿಕ್ಕುವುದು ಹೇಗೆ?

ಉತ್ತರದ ಮೊದಲರ್ಧ ನಮ್ಮ ಅಡುಗೆಮನೆಯಲ್ಲೇ ಇದೆ. ಎಂಜಿನ್ ಅಂದರೆ ಒಂದು ಬಗೆಯ ಒಲೆ. ಸೌದೆ ಎಷ್ಟೇ ಒಟ್ಟಿ, ಗಾಳಿ ಸಾಲದಿದ್ದರೆ ಬರೀ ಹೊಗೆ. ಅಜ್ಜಿ ಊದುಕೊಳವೆ ಹಿಡಿದು ಊದಿದರೆ ಅದೇ ಸೌದೆ ಧಗ್ಗನೆ ಹತ್ತಿಕೊಳ್ಳುತ್ತದೆ. ಎಂಜಿನ್‌ನಲ್ಲೂ ಅಷ್ಟೆ. ಹೆಚ್ಚು ಶಕ್ತಿಗೆ ಹೆಚ್ಚು ಪೆಟ್ರೋಲ್ ಸುಡಬೇಕು. ಹೆಚ್ಚು ಪೆಟ್ರೋಲ್ ಸುಡಲು ಹೆಚ್ಚು ಗಾಳಿ ಬೇಕು. ಫೆರಾರಿ ಹಿಡಿದ ದಾರಿ, ಒಲೆಯನ್ನೇ ದೊಡ್ಡದು ಮಾಡುವುದು. ಮಿತ್ಸುಬಿಷಿ ಹಿಡಿದ ದಾರಿ, ಸಣ್ಣ ಒಲೆಗೆ ಊದುಕೊಳವೆ ಇಡುವುದು. ಆ ಊದುಕೊಳವೆಯ ಹೆಸರೇ ಟರ್ಬೊ.

ಇಲ್ಲಿ ಊದುವವರು ಯಾರು? ಎಂಜಿನ್ ಹೊರಗೆ ಬಿಡುವ ಬಿಸಿ ಹೊಗೆಯೇ! ಸೈಲೆನ್ಸರಿಗೆ ಹೋಗಿ ವ್ಯರ್ಥವಾಗಬೇಕಾದ ಹೊಗೆ ಒಂದು ಪುಟ್ಟ ಚಕ್ರವನ್ನು ತಿರುಗಿಸುತ್ತದೆ. ಅದೇ ಕಡ್ಡಿಯ ಇನ್ನೊಂದು ತುದಿಯಲ್ಲಿರುವ ಪಂಕ ಹೊಸ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ಅದರ ವೇಗ ನಿಮಿಷಕ್ಕೆ ಒಂದು ಲಕ್ಷ ಸುತ್ತನ್ನೂ ಮೀರಬಹುದು. ಘಾಟಿ ಹತ್ತುವ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿದರೆ ಕಿವಿಗೊಟ್ಟು ಕೇಳಿ. ಎಂಜಿನ್ನಿನ ಗುಡುಗಿನ ಮೇಲೆ ಸಣ್ಣಗೆ ಶಿಳ್ಳೆ ಹಾಕಿದಂತೆ ಕೇಳುತ್ತದಲ್ಲ, ಅದು ಟರ್ಬೊದ ದನಿ.

ಇದರ ಲಾಭ ಬರೀ ಅಶ್ವಶಕ್ತಿಯದಲ್ಲ. ಚಕ್ರವನ್ನು ತಿರುಗಿಸುವ ಬಲಕ್ಕೆ ಟಾರ್ಕ್ ಎನ್ನುತ್ತಾರೆ. ಎವೊ ತನ್ನ ಪೂರ್ತಿ ಟಾರ್ಕನ್ನು, ಅಂದರೆ ಸುಮಾರು 370 ನ್ಯೂಟನ್ ಮೀಟರ್, ಎಂಜಿನ್ 3,000 ಸುತ್ತು ತಿರುಗುವಷ್ಟರಲ್ಲೇ ಕೊಡುತ್ತದೆ. ಫೆರಾರಿಯದು ಸುಮಾರು 280. ಅದಕ್ಕೂ 5,000 ಸುತ್ತಿನವರೆಗೆ ಕಾಯಬೇಕು. ಟರ್ಬೊಗೂ ಒಂದು ಕೊರತೆ ಇದೆ. ಹೊಗೆ ಬಂದ ಮೇಲೆ ತಾನೆ ಪಂಕ ತಿರುಗುವುದು? ಹಾಗಾಗಿ ಆಕ್ಸಿಲರೇಟರ್ ಒತ್ತಿದ ಮೇಲೆ ಅರೆಗಳಿಗೆ ಏನೂ ಆಗದೆ, ಆಮೇಲೆ ಯಾರೋ ಬೆನ್ನಿಗೆ ಗುದ್ದಿದಂತೆ ಕಾರು ನುಗ್ಗುತ್ತದೆ. ಫೆರಾರಿಯಲ್ಲಿ ಈ ತಡವರಿಕೆ ಇಲ್ಲ. ಕಾಲು ಒತ್ತಿದಷ್ಟೇ ಶಕ್ತಿ, ಒತ್ತಿದ ಕೂಡಲೇ.

ಇನ್ನು ಉತ್ತರದ ಎರಡನೆಯ ಅರ್ಧ. ಕಾರು ನೆಲವನ್ನು ಮುಟ್ಟುವುದು ನಾಲ್ಕೇ ಜಾಗದಲ್ಲಿ. ಒಂದೊಂದೂ ಹೆಚ್ಚುಕಡಿಮೆ ನಮ್ಮ ಅಂಗೈಯಷ್ಟು. ಎಂಜಿನ್ನಿನಲ್ಲಿ ಎಷ್ಟೇ ಶಕ್ತಿ ಹುಟ್ಟಲಿ, ಅದು ಈ ಅಂಗೈಗಳ ಮೂಲಕವೇ ನೆಲಕ್ಕೆ ತಲುಪಬೇಕು. ಫೆರಾರಿ ಆ ಕೆಲಸಕ್ಕೆ ಎರಡು ಅಂಗೈಗಳನ್ನು ಬಳಸುತ್ತದೆ, ಎವೊ ನಾಲ್ಕನ್ನೂ. ಒಣ ಡಾಂಬರಿನ ಮೇಲೆ ಎರಡು ಸಾಕಾದೀತು. ಮಳೆ ಬಿದ್ದ ರಸ್ತೆಯಲ್ಲೋ ಕೆಸರಿನಲ್ಲೋ ಜೋರಾಗಿ ಒತ್ತಿದರೆ ಆ ಎರಡು ಚಕ್ರ ಗಿರಗಿರನೆ ಇದ್ದಲ್ಲೇ ತಿರುಗುತ್ತವೆ. ಜಾರುವ ಏರಿನಲ್ಲಿ ನಾವು ಕೈಯನ್ನೂ ಊರಿ ಹತ್ತುವುದಿಲ್ಲವೇ? ನಾಲ್ಕೂ ಚಕ್ರಕ್ಕೆ ಶಕ್ತಿ ಕೊಡುವುದೆಂದರೆ ಅದೇ.

ಟರ್ಬೊ ಮತ್ತು ನಾಲ್ಕು ಚಕ್ರದ ಈ ಜೋಡಿಯನ್ನು ರ‍್ಯಾಲಿ ಪಂದ್ಯಗಳಲ್ಲಿ ಮೆರೆಸಿದ್ದು ಜರ್ಮನಿಯ ಔಡಿ. 1980ರಲ್ಲಿ ಬಂದ ಅದರ ಕ್ವಾಟ್ರೊ ಕಾರು ಮಣ್ಣು, ಮಂಜು, ಡಾಂಬರು ಎಲ್ಲೆಡೆ ಗೆಲ್ಲತೊಡಗಿತು. ಅದೇ ಕಾರಿನಲ್ಲಿ 1981ರ ಸಾನ್‌ರೆಮೊ ರ‍್ಯಾಲಿಯನ್ನು ಗೆದ್ದವರು ಫ್ರಾನ್ಸಿನ ಮಿಷೆಲ್ ಮೂಟೊನ್. ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್‌ನ ಪಂದ್ಯವೊಂದನ್ನು ಗೆದ್ದ ಮೊದಲ ಮಹಿಳೆ ಅವರು.

ಆದರೆ ಇಷ್ಟೆಲ್ಲ ತಂತ್ರ ಸಂಸಾರದ ಕಾರಿಗೆ ಬಂದದ್ದೇಕೆ? ಅದರ ಹಿಂದೆ ಒಂದು ದುಃಖದ ಕಥೆ ಇದೆ.

1982ರಿಂದ ರ‍್ಯಾಲಿಯಲ್ಲಿ ‘ಗ್ರೂಪ್ ಬಿ’ ಎಂಬ ವರ್ಗವಿತ್ತು. ಕೇವಲ 200 ಕಾರು ತಯಾರಿಸಿದರೆ ಸಾಕು, ಆ ಮಾದರಿ ಪಂದ್ಯಕ್ಕೆ ಅರ್ಹ. ಕಂಪನಿಗಳು ಮನಸ್ಸಿಗೆ ಬಂದಂತೆ ಶಕ್ತಿ ತುಂಬಿದವು. ಫೆರಾರಿಯೂ ಈ ವರ್ಗಕ್ಕೆಂದೇ 308ರ ರೂಪದಲ್ಲೇ 288 ಜಿಟಿಒ ಎಂಬ ಕಾರನ್ನು ಮಾಡಿತು. ಎರಡು ಟರ್ಬೊ, ಸುಮಾರು 400 ಅಶ್ವಶಕ್ತಿ. ನೋಡಿ, ಟರ್ಬೊ ಫೆರಾರಿಗೂ ಪರಕೀಯವಲ್ಲ! ಇತ್ತ ರ‍್ಯಾಲಿಯ ದಾರಿಗಳಲ್ಲಿ ಜನ ರಸ್ತೆಗೇ ಇಳಿದು, ಕಾರು ಹತ್ತಿರ ಬಂದಾಗ ಪಕ್ಕಕ್ಕೆ ಸರಿಯುವುದು ಒಂದು ಹುಚ್ಚಾಗಿ ಬೆಳೆಯಿತು. 1986ರ ಮಾರ್ಚ್‌ನಲ್ಲಿ ಪೋರ್ಚುಗಲ್ಲಿನಲ್ಲಿ ಕಾರೊಂದು ಜನರ ಮೇಲೆ ಹರಿದು ಮೂವರು ಪ್ರೇಕ್ಷಕರು ಸತ್ತರು, ಹಲವರು ಗಾಯಗೊಂಡರು. ಮೇ ತಿಂಗಳಲ್ಲಿ ಕಾರ್ಸಿಕಾ ದ್ವೀಪದ ರ‍್ಯಾಲಿಯಲ್ಲಿ ಹೆನ್ರಿ ಟೊಯ್ವೊನೆನ್ ಮತ್ತು ಅವರ ಜೊತೆಗಾರ ಸೆರ್ಜಿಯೊ ಕ್ರೆಸ್ಟೊ ಕಾರು ಕೆಳಗುರುಳಿ ಹೊತ್ತಿ ಉರಿದು ತೀರಿಕೊಂಡರು. ಮರುವರ್ಷದಿಂದ ಆ ವರ್ಗವನ್ನೇ ಕೈಬಿಡಲಾಯಿತು.

ಬದಲಿಗೆ ‘ಗ್ರೂಪ್ ಎ’ ನಿಯಮ ಮುನ್ನೆಲೆಗೆ ಬಂತು. ಜನಸಾಮಾನ್ಯರಿಗೆ ಮಾರುವ ಕಾರಿನಿಂದಲೇ ಪಂದ್ಯದ ಕಾರು ಹುಟ್ಟಬೇಕು. ಅಂಥವು ಕನಿಷ್ಠ 5,000 ತಯಾರಾಗಿರಬೇಕು. ಆಮೇಲೆ ಈ ಸಂಖ್ಯೆ 2,500ಕ್ಕೆ ಇಳಿಯಿತು. ಅಂದರೆ ರ‍್ಯಾಲಿ ಗೆಲ್ಲಬೇಕಾದರೆ ಟರ್ಬೊ ಮತ್ತು ನಾಲ್ಕು ಚಕ್ರದ ಶಕ್ತಿಯನ್ನು ಅಂಗಡಿಯಲ್ಲಿ ಮಾರುವ ಕಾರಿನಲ್ಲೇ ಇಡಬೇಕು. 1992ರಲ್ಲಿ ಲ್ಯಾನ್ಸರ್ ಎವೊ ಹುಟ್ಟಿದ್ದು ಹೀಗೆ. 1995ರಲ್ಲಿ ಸುಬಾರು ಓಡಿಸಿದ ಕಾಲಿನ್ ಮೆಕ್‌ರೇ ವಿಶ್ವ ಚಾಂಪಿಯನ್ ಆದರು. 1996ರಿಂದ 1999ರವರೆಗೆ ಸತತ ನಾಲ್ಕು ವರ್ಷ ಎವೊ ಓಡಿಸಿದ ಟಾಮಿ ಮಕಿನೆನ್ ಗೆದ್ದರು. ಶಾಲೆಗೆ ಮಕ್ಕಳನ್ನು ಬಿಡುವಂಥ ಕಾರಿಗೆ ಆ ಬಲ ಬಂದದ್ದು ಎಂಜಿನಿಯರುಗಳ ಜಾಣತನ ಒಂದರಿಂದಲೇ ಅಲ್ಲ, ಈ ನಿಯಮದಿಂದಲೂ ಹೌದು.

ನಮ್ಮ ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳಲ್ಲೂ ಏಷ್ಯಾ-ಪೆಸಿಫಿಕ್ ಮಟ್ಟದ ರ‍್ಯಾಲಿಗಳು ನಡೆದಿವೆ. ಒಮ್ಮೆ ಅಲ್ಲಿ ಹಗ್ಗದ ಈಚೆ ನಿಂತು ನಾನೂ ನೋಡಿದ್ದೇನೆ. ಮೊದಲು ಸದ್ದು, ಆಮೇಲೆ ಕೆಂಪು ಧೂಳು, ಕಾರು ಕಾಣಿಸುವುದು ಕಟ್ಟಕಡೆಗೆ. ಅದು ಹೋದ ಮೇಲೂ ಚಕ್ರ ಎರಚಿದ ಕಲ್ಲುಗಳು ಕಾಫಿ ಎಲೆಗಳ ಮೇಲೆ ಪಟಪಟನೆ ಬೀಳುತ್ತಿದ್ದವು. ಹಗ್ಗ ದಾಟಿ ಫೋಟೊ ತೆಗೆಯಲು ಹೋದ ಇಬ್ಬರು ಹುಡುಗರನ್ನು ಸ್ವಯಂಸೇವಕರೊಬ್ಬರು ಶಿಳ್ಳೆ ಊದಿ, ಗದರಿ ಹಿಂದೆ ಕಳಿಸಿದರು. ಹುಡುಗರಿಗೆ ಸಿಟ್ಟು ಬಂತು. ಪೋರ್ಚುಗಲ್ಲಿನ ಕಥೆ ಗೊತ್ತಿದ್ದರೆ ಬರುತ್ತಿರಲಿಲ್ಲ.

ಹಾಗಾದರೆ ಅಪ್ಪ ಸೋತರೇ? ಕೆಟ್ಟ ರಸ್ತೆಯಲ್ಲಿ, ಮಳೆಯಲ್ಲಿ ಬೇಗ ಓಡುವ ಕಾರು ಯಾವುದು ಎಂಬುದು ಪ್ರಶ್ನೆಯಾದರೆ, ಹೌದು, ಸೋತರು. ಆದರೆ 1975ರ ಕಾರನ್ನು 1999ರ ಕಾರಿನ ಜೊತೆ ಓಡಿಸುವುದೆಂದರೆ ಅಜ್ಜನನ್ನು ಮೊಮ್ಮಗನ ಜೊತೆ ಓಟಕ್ಕೆ ನಿಲ್ಲಿಸಿದಂತೆ. ತನ್ನ ಕಾಲಕ್ಕೆ 308 ಬಲು ಚುರುಕು. ಪಿನಿನ್‌ಫರೀನಾ ಸಂಸ್ಥೆಯಲ್ಲಿ ಲಿಯೊನಾರ್ಡೊ ಫಿಯೊರವಾಂಟಿ ಅದಕ್ಕೆ ಕೊಟ್ಟ ರೂಪ ಇವತ್ತೂ ಹಳತಾಗಿಲ್ಲ. ಎವೊ ಚಾಲಕನಿಗೆ ನೆರವಾಗುತ್ತದೆ; ತಿರುವಿನಲ್ಲಿ ಹಿಂದಿನ ಎಡ-ಬಲ ಚಕ್ರಗಳಿಗೆ ಬಲವನ್ನು ತಾನೇ ಹಂಚುವ ಯಂತ್ರ ಅದರೊಳಗಿದೆ. ಫೆರಾರಿ ಎಲ್ಲವನ್ನೂ ಚಾಲಕನ ಕೈಗೇ ಬಿಡುತ್ತದೆ. ಎಣ್ಣೆ ಬಿಸಿಯಾಗುವ ತನಕ ಎರಡನೇ ಗೇರ್ ಕೂಡ ಸುಲಭವಾಗಿ ಬೀಳದು. ಅಂಥ ಕಾರನ್ನು ಚೆನ್ನಾಗಿ ಓಡಿಸಲು ಕಲಿಯುವುದರಲ್ಲಿ ಒಂದು ಖುಷಿಯಿದೆ. ಅದನ್ನು ಸೆಕೆಂಡಿನಲ್ಲಿ ಅಳೆಯಲಾಗದು.

ಕೊನೆಗೊಂದು ಮಾತು. ಇದು ಅಪ್ಪ-ಅಮ್ಮಂದಿರಿಗೂ ಸೇರಿ. ಇಂದು ನಮ್ಮ ಬೀದಿಯ ಡೀಸೆಲ್ ಕಾರುಗಳಲ್ಲಿ ಬಹುತೇಕ ಎಲ್ಲಕ್ಕೂ ಟರ್ಬೊ ಇದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಗಳೂ ಬಂದಿವೆ. ‘ನಮ್ಮದು ಫೋರ್ ವೀಲ್ ಡ್ರೈವ್, ಮಳೆಗಾಲದ ಘಾಟಿಗೂ ಹೆದರಬೇಕಿಲ್ಲ’ ಎನ್ನುವವರನ್ನು ಕೇಳಿದ್ದೇನೆ. ಹೆದರಬೇಕು! ನಾಲ್ಕು ಚಕ್ರದ ಶಕ್ತಿ ನೆರವಾಗುವುದು ಕಾರನ್ನು ಹೊರಡಿಸಲು, ಏರಿಸಲು. ನಿಲ್ಲಿಸಲು ಅಲ್ಲ. ಬ್ರೇಕು ಹೇಗೂ ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೂ ಇದೆ. ಅಂಗೈಯಷ್ಟಗಲದ ಆ ನಾಲ್ಕು ಜಾಗ ಒದ್ದೆ ರಸ್ತೆಯನ್ನು ಎಷ್ಟು ಹಿಡಿಯುತ್ತವೋ ಅಷ್ಟೇ ನಮ್ಮ ಅದೃಷ್ಟ. ವೇಗ ನಲವತ್ತರಿಂದ ಎಂಬತ್ತಕ್ಕೆ ಏರಿದರೆ ಬ್ರೇಕ್ ಹಿಡಿದ ಮೇಲೆ ಕಾರು ನಿಲ್ಲಲು ಬೇಕಾದ ದೂರ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ಫೆರಾರಿಗೂ ಎವೊಗೂ ನಿಮ್ಮ ಮನೆಯ ಕಾರಿಗೂ ಈ ಲೆಕ್ಕ ಒಂದೇ.

ಈ ಭಾನುವಾರ ಮನೆಯ ಗಾಡಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಒಂದು ಕೆಲಸ ಮಾಡಿ. ಎಂಜಿನ್ ಎಷ್ಟು ಲೀಟರಿನದು ಎಂದು ಆಮೇಲೆ ಕೇಳಿದರಾಯಿತು. ಮೊದಲು ಟೈರುಗಳ ಗೀರು ಎಷ್ಟು ಆಳ ಉಳಿದಿದೆ ನೋಡಿ. ಸವೆದಿದ್ದರೆ, ಮುಂದಿನ ಮಳೆ ಬರುವ ಮೊದಲು ಅಪ್ಪನಿಗೋ ಅಮ್ಮನಿಗೋ ಹೇಳುವ ಜವಾಬ್ದಾರಿ ನಿಮ್ಮದು.