ಗಿಡ ಒಣಗಿದರೆ ಊರಿನ ಮೇಲೇಕೆ ಗೂಬೆ?

“ಈ ಊರಿನ ನೀರು ನಮ್ಮ ಗಿಡಕ್ಕೆ ಒಗ್ಗುವುದಿಲ್ಲ” ಎಂಬ ಮಾತು ನಮ್ಮವರ ಮನೆಗಳಲ್ಲಿ ಗಾದೆಯೇ ಆಗಿಬಿಟ್ಟಿದೆ. ಬೇಸಿಗೆ ರಜೆಗೆ ತವರೂರಿಗೆ ಹೋಗಿ ತಿಂಗಳು ಕಳೆದು ಬರುವುದು, ಬಾಡಿದ ಕುಂಡ ನೋಡಿ ವಿಜಯವಾಡದ ಬಿಸಿಲನ್ನೋ ಆಟೋನಗರದ ಧೂಳನ್ನೋ ಶಪಿಸುವುದು, ಗಿಡವನ್ನು ಕಿತ್ತೆಸೆಯುವುದು. ಗೋದಾವರಿ ತೀರದ ಕಡಿಯಂ ನರ್ಸರಿಗಳಿರುವಾಗ ಸಸಿಗೇನು ಬರ ಎಂಬ ಧೈರ್ಯ ಬೇರೆ! ಈ ವಾದವನ್ನು ನಾನು ಖಂಡಿತ ಒಪ್ಪುವುದಿಲ್ಲ.

ಮನಿ ಪ್ಲಾಂಟಿನ ಮೂಲ ಪೆಸಿಫಿಕ್ ಸಾಗರದ ಮೊರೆಯಾ ದ್ವೀಪ. ಸ್ನೇಕ್ ಪ್ಲಾಂಟಿನದು ಪಶ್ಚಿಮ ಆಫ್ರಿಕ. ಅಷ್ಟು ದೂರದಿಂದ ಬಂದವು ನಮ್ಮ ವರಾಂಡದಲ್ಲಿ ಸತ್ತರೆ ದೋಷ ಊರಿನದೇ, ಮನೆಯವರದೇ?

ಆಟೋನಗರದಲ್ಲಿ ಸುಲಭವಾಗಿ ಸಿಗುವ ಹಳೆಯ ಆಯಿಲ್ ಡಬ್ಬಕ್ಕೆ ತೂತನ್ನೂ ಕೊರೆಯದೆ, ಜಿಡ್ಡನ್ನೂ ತೊಳೆಯದೆ ಮಣ್ಣು ತುಂಬುತ್ತೇವೆ. ಗಿಡ ಬಾಡಿದೊಡನೆ ಎರಡು ಚೊಂಬು ನೀರು, ಒಂದು ಹಿಡಿ ಯೂರಿಯ ಸುರಿಯುತ್ತೇವೆ. ಈ ಕರುಣೆ ಉಪೇಕ್ಷೆಗಿಂತ ಅಪಾಯಕರ. ಬೇರೂ ಉಸಿರಾಡುತ್ತದೆ; ಮಣ್ಣಿನ ಸಂದುಗಳಲ್ಲೆಲ್ಲ ನೀರೇ ನಿಂತರೆ ಗಾಳಿಯಿಲ್ಲದೆ ಕೊಳೆಯುತ್ತದೆ. ಕೊಳೆತ ಬೇರು ನೀರು ಹೀರಲಾರದು, ಎಲೆ ಮತ್ತೆ ಬಾಡುತ್ತದೆ, ಬಾಯಾರಿಕೆಯೆಂದು ನಾವು ಮತ್ತೆ ನೀರು ಹಾಕುತ್ತೇವೆ!

ಎಸೆಯುವ ಮೊದಲು ಕಾಂಡವನ್ನು ಉಗುರಿನಿಂದ ತುಸು ಕೆರೆದು ನೋಡಿ. ಒಳಗೆ ಹಸಿರಿದ್ದರೆ ಜೀವವಿದೆ. ಒಣಗಿದ ರೆಂಬೆಗಳನ್ನು ಕತ್ತರಿಸಿ. ಮಣ್ಣು ಒಣಗಿ ಗಟ್ಟಿಯಾಗಿದ್ದರೆ ಮೇಲೆ ಸುರಿದ ನೀರು ಅಂಚಿನಿಂದ ಜಾರಿಹೋಗುತ್ತದೆ. ಕುಂಡವನ್ನೇ ಬಕೆಟ್ ನೀರಿನಲ್ಲಿಟ್ಟು, ಗುಳ್ಳೆ ನಿಂತ ಮೇಲೆ ತೆಗೆದು ಬಸಿಯಲು ಬಿಡಿ. ಮಣ್ಣು ನಾರುತ್ತಿದ್ದರೆ ಕಪ್ಪಾಗಿ ಮೆತ್ತಗಾದ ಬೇರು ಕತ್ತರಿಸಿ ಹೊಸ ಮಣ್ಣಿಗೆ ಬದಲಿಸಿ. ಧೂಳು ಕವಿದ ಎಲೆಗೆ ಬೆಳಕು ದಕ್ಕದು, ಒದ್ದೆ ಬಟ್ಟೆಯಿಂದ ಒರೆಸಿ. ಹೊಸ ಚಿಗುರು ಕಾಣುವವರೆಗೆ ನೆರಳಿನಲ್ಲಿಡಿ, ಗೊಬ್ಬರ ಬೇಡ.

ತುಳಸಿ ಒಣಗಿದರೆ ಅಪಶಕುನವೆಂದು ಹೆದರುವವರಿದ್ದಾರೆ. ತುಳಸಿ ಸ್ವಭಾವತಃ ಕೆಲವೇ ವರ್ಷ ಬಾಳುವ ಗಿಡ. ಕದಿರು ಚಿವುಟದಿದ್ದರೆ ಬೀಜ ಕಟ್ಟಿ ಇನ್ನೂ ಬೇಗ ಒಣಗುತ್ತದೆ. ಆ ಒಣ ಕದಿರನ್ನೇ ಉಜ್ಜಿ ಉದುರಿಸಿದರೆ ಅದೇ ಕುಂಡದಲ್ಲಿ ಹೊಸ ಸಸಿಗಳೇಳುತ್ತವೆ.

ಇನ್ನೊಂದು ಮಾತು ಕಟುವಾದರೂ ಹೇಳಲೇಬೇಕು. ವರ್ಷಗಟ್ಟಲೆ ಗೋಡೆಗೆ ಗೋಡೆ ಹಚ್ಚಿ ಬಾಳಿದ ತೆಲುಗು ನೆರೆಯವರಿಗೆ “ಎರಡು ದಿನಕ್ಕೊಮ್ಮೆ ಕುಂಡ ನೋಡಿಕೊಳ್ಳಿ” ಎಂದು ಹೇಳಿ ಹೋಗಲು ನಮಗೇಕೆ ಸಂಕೋಚ? ನಮ್ಮ ಮಕ್ಕಳು ಇಲ್ಲೇ ಬೆಳೆಯುತ್ತಿದ್ದಾರೆ. ಈ ಊರಿನಲ್ಲಿ ಏನೂ ಬೇರೂರುವುದಿಲ್ಲವೆಂದು ಅವರ ಮುಂದೆ ನಿತ್ಯ ಹಳಿಯುವ ಬದಲು, ಬಂಧುಗಳೇ, ಮೊದಲು ಆ ಡಬ್ಬಕ್ಕೆ ತೂತು ಕೊರೆಯಿರಿ.